72 ಕಿಲೋ ತೂಕ, ಮಿತಿಯಿಲ್ಲದ ಕಣ

ಮಹಿಳೆಯರ ಮೊದಲ ವಿಶ್ವ ಜೂಡೊ ಚಾಂಪಿಯನ್‌ಷಿಪ್ ನಡೆದದ್ದು 1980ರ ನವೆಂಬರ್‌ನಲ್ಲಿ, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. 72 ಕೆ.ಜಿ. ವಿಭಾಗದ ಚಿನ್ನ ಫ್ರಾನ್ಸ್‌ನ ಜೋಸ್ಲಿನ್ ಟ್ರಿಯಾಡು ಪಾಲಾಯಿತು. ಆದರೆ ತೂಕದ ಮಿತಿಯೇ ಇಲ್ಲದ ಮುಕ್ತ ವಿಭಾಗವನ್ನು ಗೆದ್ದವರು, ಅದೇ 72 ಕೆ.ಜಿ. ವರ್ಗದ ಬೆಲ್ಜಿಯಂ ಪಟು, 19 ವರ್ಷದ ಇಂಗ್ರಿಡ್ ಬರ್ಗ್‌ಮನ್ಸ್.

ಒಮ್ಮೆ ಹೀಗಾದರೆ ಅದೃಷ್ಟ ಎಂದು ಬಿಟ್ಟುಬಿಡಬಹುದು. 1982ರಲ್ಲಿ ಪ್ಯಾರಿಸ್‌ನಲ್ಲೂ ಅದೇ ಕಥೆ: 72 ಕೆ.ಜಿ. ಚಿನ್ನ ಪಶ್ಚಿಮ ಜರ್ಮನಿಯ ಬಾರ್ಬರಾ ಕ್ಲಾಸೆನ್‌ಗೆ, ಮುಕ್ತ ವಿಭಾಗದ ಚಿನ್ನ ಬರ್ಗ್‌ಮನ್ಸ್‌ಗೆ. 1984ರಲ್ಲಿ ವಿಯೆನ್ನಾದಲ್ಲಿ ಅವರು ಎರಡನ್ನೂ ಗೆದ್ದರು. 1986ರಲ್ಲಿ ಮಾಸ್ಟ್ರಿಕ್ಟ್‌ನಲ್ಲಿ 72 ಕೆ.ಜಿ. ಪಟ್ಟ ನೆದರ್ಲೆಂಡ್ಸ್‌ನ ಐರೀನ್ ಡಿ ಕಾಕ್ ಅವರಿಗೆ ಹೋಯಿತು, 72 ಕೆ.ಜಿ.ಗೂ ಮೇಲ್ಪಟ್ಟವರ ಪಟ್ಟ ಚೀನಾದ ಗಾವೊ ಫೆಂಗ್ಲಿಯಾನ್ ಅವರಿಗೆ. ಮುಕ್ತ ವಿಭಾಗ ಮಾತ್ರ ಮತ್ತೆ ಬರ್ಗ್‌ಮನ್ಸ್ ಅವರದು. ತನ್ನ ತೂಕದವರ ನಡುವೆ ಮೂರು ಸಲ ಕೈತಪ್ಪಿದ ಚಿನ್ನ, ಯಾರು ಬೇಕಾದರೂ ಇಳಿಯಬಹುದಾದ ಕಣದಲ್ಲಿ ನಾಲ್ಕು ಸಲ ದಕ್ಕಿತು. ಕ್ರೀಡಾ ಇತಿಹಾಸದ ಇಂಥ ವಿಚಿತ್ರ ದಾಖಲೆಯನ್ನು ಬರೀ ಬೆರಗಿನಿಂದ ನೋಡಿ ಮುಂದೆ ಹೋಗಬಾರದು. ಅದರೊಳಗೆ ಭೌತವಿಜ್ಞಾನದ ಒಳ್ಳೆಯ ಪ್ರಶ್ನೆಯೊಂದಿದೆ: ಮನುಷ್ಯರನ್ನು ಕೆಡವುವುದರಲ್ಲಿ ತೂಕದ ಪಾಲು ನಿಜಕ್ಕೂ ಎಷ್ಟು?

ಒಂದು ಸಣ್ಣ ಲೆಕ್ಕ ಹಾಕೋಣ. 100 ಕಿಲೋ ತೂಗುವ ಒಬ್ಬರು ಎರಡೂ ಪಾದಗಳನ್ನು ಜೋಡಿಸಿ ನಿಂತಿದ್ದಾರೆ. ಅವರ ಗುರುತ್ವ ಕೇಂದ್ರದಿಂದ ನೇರ ಕೆಳಕ್ಕೆ ಎಳೆದ ಗೆರೆ ಬೆರಳ ತುದಿಯಿಂದ 10 ಸೆಂಟಿಮೀಟರ್ ಹಿಂದೆ ನೆಲ ಮುಟ್ಟುತ್ತದೆ ಎಂದುಕೊಳ್ಳಿ. ನೆಲದಿಂದ 140 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಕೊರಳಪಟ್ಟಿಯ ಬಳಿ, ಅವರ ಉಡುಪು ಹಿಡಿದು ಮುಂದಕ್ಕೆ ಎಳೆದರೆ ಎಷ್ಟು ಬಲ ಬೇಕು? 100ನ್ನು 10ರಿಂದ ಗುಣಿಸಿ 140ರಿಂದ ಭಾಗಿಸಿದರೆ ಉತ್ತರ ಬರುತ್ತದೆ: ಸುಮಾರು 7 ಕಿಲೋ ಭಾರ ಎತ್ತುವಷ್ಟು. ನಿಂತವರು 72 ಕಿಲೋ ಆಗಿದ್ದರೆ ಸುಮಾರು 5 ಕಿಲೋ ಸಾಕು. 28 ಕಿಲೋ ತೂಕದ ಅಂತರ ಇಲ್ಲಿ 2 ಕಿಲೋಗೆ ಇಳಿದುಬಿಟ್ಟಿತು.

ನಿಜ, ಕಣದಲ್ಲಿ ಯಾರೂ ಕಂಬದಂತೆ ನಿಂತಿರುವುದಿಲ್ಲ. ಎಳೆದ ಕೂಡಲೇ ಎದುರಾಳಿ ಹಿಂದಕ್ಕೆ ವಾಲುತ್ತಾರೆ, ಇಲ್ಲವೇ ಒಂದು ಹೆಜ್ಜೆ ಮುಂದಿಟ್ಟು ಸಮತೋಲ ಉಳಿಸಿಕೊಳ್ಳುತ್ತಾರೆ. ಆ ಪ್ರತಿಕ್ರಿಯೆಯನ್ನೇ ಬಳಸಿಕೊಳ್ಳುವುದು ಜೂಡೊದ ಜೀವಾಳ. ಸಮತೋಲ ಕದಡುವ ಈ ಮೊದಲ ಹಂತಕ್ಕೆ ಕುಜುಶಿ ಎನ್ನುತ್ತಾರೆ. ಆಮೇಲೆ ಪಟ್ಟಿಗೆ ತಕ್ಕಂತೆ ಮೈ ಹೊಂದಿಸಿಕೊಳ್ಳುವುದು ತ್ಸುಕುರಿ, ಕೊನೆಗೆ ಕೆಡವುವುದು ಕಾಕೆ. ಕುಜುಶಿ ಕೈಕೊಟ್ಟರೆ ಉಳಿದೆರಡು ಹಂತಗಳಿಗೆ ಬರೀ ತೋಳ್ಬಲವೇ ಗತಿ, ಮತ್ತು ಆಗ ಭಾರದವರದೇ ಮೇಲುಗೈ.

ಇಟಲಿಯ ವಿಜ್ಞಾನಿ ಅಟ್ಟಿಲಿಯೊ ಸಾಕ್ರಿಪಾಂಟಿ ಜೂಡೊ ಪಟ್ಟುಗಳನ್ನು ಯಂತ್ರಶಾಸ್ತ್ರದ ಕಣ್ಣಿನಿಂದ ಎರಡು ಗುಂಪು ಮಾಡಿದರು. ಒಂದರಲ್ಲಿ ಆಟಗಾರ ತನ್ನ ಬೆನ್ನನ್ನೋ ಸೊಂಟವನ್ನೋ ಆಧಾರಬಿಂದುವಾಗಿಸಿ, ಎದುರಾಳಿಯನ್ನು ಸನ್ನೆಯಂತೆ ಅದರ ಮೇಲಿಂದ ಉರುಳಿಸುತ್ತಾನೆ. ಇನ್ನೊಂದರಲ್ಲಿ ಆಧಾರಬಿಂದುವೇ ಬೇಕಿಲ್ಲ. ಒಸೊಟೊ ಗಾರಿ ಎಂಬ ಪಟ್ಟನ್ನು ಹತ್ತಿರದಿಂದ ಗಮನಿಸಿ: ಕೈಗಳು ಎದುರಾಳಿಯ ಎದೆಯನ್ನು ಹಿಂದಕ್ಕೆ ಒತ್ತುತ್ತವೆ, ಅದೇ ಕ್ಷಣದಲ್ಲಿ ಕಾಲು ಅವರ ಕಾಲನ್ನು ಹಿಂದಿನಿಂದ ಮುಂದಕ್ಕೆ ಗುಡಿಸಿ ಎತ್ತುತ್ತದೆ. ಎರಡು ಬಲಗಳು ವಿರುದ್ಧ ದಿಕ್ಕಿನಲ್ಲಿ ದುಡಿದು, ಎರಡು ಬೆರಳು ನಲ್ಲಿ ತಿರುಗಿಸುವಂತೆ, ಇಡೀ ಮೈಯನ್ನು ಅದರ ಗುರುತ್ವ ಕೇಂದ್ರದ ಸುತ್ತ ತಿರುಗಿಸುತ್ತವೆ. ಭೌತವಿಜ್ಞಾನದಲ್ಲಿ ಇದು ಬಲಯುಗ್ಮ. ಇದರಲ್ಲಿ ಎದುರಾಳಿಯ ಭಾರವನ್ನು ಹೊರಬೇಕಾಗಿಲ್ಲ. ಹಗುರ ಮೈಯವರಿಗೆ ಇದೊಂದು ವರದಾನ.

ಇನ್ನು ವೇಗದ ಮಾತು. ದೇಹ ಅದೇ ಆಕಾರದಲ್ಲಿ ದೊಡ್ಡದಾದರೆ ತೂಕ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು, ಅಂದರೆ ಎತ್ತರದ ವರ್ಗವನ್ನು ಅನುಸರಿಸುತ್ತದೆ. ಆ ಪ್ರಕಾರ 72ರಿಂದ 100 ಕಿಲೋಗೆ ಹೋದರೆ ತೂಕ ಶೇ 39ರಷ್ಟು ಹೆಚ್ಚುತ್ತದೆ, ಬಲ ಸುಮಾರು ಶೇ 25ರಷ್ಟು ಮಾತ್ರ. ಪ್ರತಿ ಕಿಲೋಗೆ ಸಿಗುವ ಬಲ ಶೇ 10ರಷ್ಟು ಕುಸಿಯುತ್ತದೆ. ಮೈ ತಿರುಗಲು, ತಪ್ಪು ಹೆಜ್ಜೆ ಸರಿಪಡಿಸಿಕೊಳ್ಳಲು ಆಗುವ ಆ ತುಸು ತಡವೇ ಕುಜುಶಿಗೆ ಬೇಕಾದ ಸಂದು.

ಬರ್ಗ್‌ಮನ್ಸ್ ಅವರ ದಾಖಲೆಯನ್ನು ನಾನು ಓದಿಕೊಳ್ಳುವುದು ಹೀಗೆಯೇ. ತನ್ನ ವಿಭಾಗದಲ್ಲಿ ಅವರಿಗೆ ಎದುರಾದವರು ತನ್ನಷ್ಟೇ ಚುರುಕು. ಮುಕ್ತ ವಿಭಾಗದ ಭಾರಿ ಎದುರಾಳಿಗಳ ಮುಂದೆ ಆ ಚುರುಕು ಅವರೊಬ್ಬರ ಆಸ್ತಿಯಾಗುತ್ತಿತ್ತು. ಹಾಗೆಂದು ತೂಕ ಲೆಕ್ಕಕ್ಕಿಲ್ಲ ಎಂದು ಸಾರುವುದು ತಪ್ಪು. ನೆಲದ ಮೇಲಿನ ಹಿಡಿತದಲ್ಲಿ ತೂಕ ನೇರವಾಗಿ ಕೆಲಸ ಮಾಡುತ್ತದೆ. ಆಗಿನ ನಿಯಮದಂತೆ ಬೆನ್ನು ನೆಲಕ್ಕೊತ್ತಿ 30 ಸೆಕೆಂಡ್ ಹಿಡಿದರೆ ಪೂರ್ಣ ಗೆಲುವು, ಮತ್ತು ಎದೆಯ ಮೇಲೆ ಬಿದ್ದ 100 ಕಿಲೋ 100 ಕಿಲೋವೇ. ತೂಕದ ವಿಭಾಗಗಳು ಬೇಕೇ ಬೇಕು. ಬರ್ಗ್‌ಮನ್ಸ್ ದೊಡ್ಡವರೆನಿಸುವುದು ಆ ಅಪಾಯ ಇದ್ದೂ ಕಣಕ್ಕಿಳಿದದ್ದರಿಂದ.

1989ರಲ್ಲಿ ಬೆಲ್‌ಗ್ರೇಡ್‌ನಲ್ಲಿ 72 ಕೆ.ಜಿ. ಪಟ್ಟ ಮರಳಿ ಗೆದ್ದಾಗ ಅವರ ವಿಶ್ವ ಚಿನ್ನಗಳು ಆರಾದವು. ಒಲಿಂಪಿಕ್ಸ್ ವಿಷಯಕ್ಕೆ ಬಂದರೆ ಮಾತ್ರ ನನಗೆ ಈಗಲೂ ಸಂಕಟವಾಗುತ್ತದೆ. ಪುರುಷರ ಜೂಡೊ 1964ರಲ್ಲೇ ಒಲಿಂಪಿಕ್ಸ್ ಸೇರಿತ್ತು. ಬೆಲ್ಜಿಯಂನವರೇ ಆದ ರಾಬರ್ಟ್ ವಾನ್ ಡಿ ವಾಲ್ 1980ರ ಮಾಸ್ಕೊದಲ್ಲಿ 95 ಕೆ.ಜಿ. ಚಿನ್ನ ಗೆದ್ದಿದ್ದರು. ಮಹಿಳೆಯರಿಗೆ 1988ರ ಸೋಲ್‌ನಲ್ಲಿ ಸಿಕ್ಕಿದ್ದು ಪ್ರದರ್ಶನ ಸ್ಪರ್ಧೆ ಮಾತ್ರ. ಅಲ್ಲಿ ಬರ್ಗ್‌ಮನ್ಸ್ 72 ಕೆ.ಜಿ. ವಿಭಾಗವನ್ನು ಗೆದ್ದರೂ ಅದು ಅಧಿಕೃತ ಪದಕ ಪಟ್ಟಿಗೆ ಸೇರಲಿಲ್ಲ. ಮಹಿಳಾ ಜೂಡೊಗೆ ಪೂರ್ಣ ಮಾನ್ಯತೆ ಸಿಕ್ಕಿದ್ದು 1992ರ ಬಾರ್ಸಿಲೋನಾದಲ್ಲಿ. ಅದಾಗಿ ನಾಲ್ಕು ವರ್ಷಕ್ಕೆ, ಅಟ್ಲಾಂಟಾದಲ್ಲಿ, ಬೆಲ್ಜಿಯಂನ ಮತ್ತೊಬ್ಬ ಪಟು ಉಲ್ಲಾ ವೆರ್‌ಬ್ರೂಕ್ ಜಪಾನಿನ ಯೋಕೊ ತನಾಬೆ ಅವರನ್ನು ಫೈನಲ್‌ನಲ್ಲಿ ಸೋಲಿಸಿ ಚಿನ್ನ ಪಡೆದರು. ಅದೇ 72 ಕೆ.ಜಿ. ವಿಭಾಗದಲ್ಲಿ, ಈ ಸಲ ಪದಕ ಪಟ್ಟಿಗೆ ಸೇರುವ ಚಿನ್ನ.