ಎರಡನೇ ಕಾಲಂಗೆ ಜೊತೆಗಾರರಿಲ್ಲ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವುದು ನನ್ನ ವೃತ್ತಿ. ಆಳಂದ, ಜೇವರ್ಗಿ, ಸೇಡಂ, ಅಫಜಲಪುರ ಕಡೆಯಿಂದ ಬರುವ ಹುಡುಗ ಹುಡುಗಿಯರಿಗೆ ಕ್ರಿಯಾಪದಗಳ ಮೂರು ಕಾಲಂ ಪಟ್ಟಿ ಕಂಠಪಾಠ. ಗೋ, ವೆಂಟ್, ಗಾನ್; ಬ್ರಿಂಗ್, ಬ್ರಾಟ್, ಬ್ರಾಟ್. ನಡುರಾತ್ರಿ ಎಬ್ಬಿಸಿ ಕೇಳಿದರೂ ತಡವರಿಸದೆ ಒಪ್ಪಿಸುತ್ತಾರೆ. ಒಪ್ಪಿಸಿ ಮುಗಿಸಿದ ಬಾಯಲ್ಲೇ, ‘ಐ ಡಿಡ್ ನಾಟ್ ಗೋ’ ಎನ್ನುವ ಬದಲು ‘ಐ ಡಿಡ್ ನಾಟ್ ವೆಂಟ್’ ಎನ್ನುತ್ತಾರೆ.

ಅಣಕು ಸಂದರ್ಶನವೊಂದರಲ್ಲಿ, ಇಸ್ತ್ರಿ ಮುರಿಯದ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಯುವಕನನ್ನು ‘ಡಿಡ್ ಯು ಬ್ರಿಂಗ್ ಯುವರ್ ಮಾರ್ಕ್ಸ್ ಕಾರ್ಡ್?’ ಎಂದು ಕೇಳಿದೆ. ‘ನೋ ಸರ್, ಐ ಡಿಡ್ ನಾಟ್ ಬ್ರಾಟ್’ ಎಂದ. ಬೇಕಾದ ರೂಪ ನನ್ನ ಪ್ರಶ್ನೆಯಲ್ಲೇ ಇತ್ತು. ಅದನ್ನು ಹಾಗೆಯೇ ಹಿಂದಿರುಗಿಸಿದ್ದರೆ ಸಾಕಿತ್ತು. ಆತ ಪಾಪ, ತಲೆಯೊಳಗಿನ ಪಟ್ಟಿ ತೆಗೆದು, ಸರಿಯಿದ್ದುದನ್ನು ಶ್ರಮಪಟ್ಟು ಕೆಡಿಸಿದ.

ಸಕರ್ಮಕ, ಅಕರ್ಮಕ, ಕ್ರಮಬದ್ಧ, ಕ್ರಮರಹಿತ ಎಂಬ ವಿಂಗಡಣೆಗಳನ್ನು ಯಾವ ಗೈಡಿನಲ್ಲಾದರೂ ನೋಡಿಕೊಳ್ಳಿ. ನನ್ನ ತಕರಾರು ಒಂದೇ: ಡಿಡ್, ಹ್ಯಾಸ್‌ನಂಥ ಸಹಾಯಕ ಕ್ರಿಯಾಪದವೂ ಗೋ, ವರ್ಕ್‌ನಂಥ ಮುಖ್ಯ ಕ್ರಿಯಾಪದವೂ ಕೂಡಿ ಬಂದಾಗ ಕಾಲವನ್ನು ತೋರಿಸುವುದು ಯಾರ ಕೆಲಸ? ಮೊದಲು ನಿಂತಿರುವ ಪದದ ಕೆಲಸ. ‘ಹ್ಯಾಸ್ ಬೀನ್ ವರ್ಕಿಂಗ್’ ಎಂಬುದನ್ನು ಹಿಂದಕ್ಕೆ ತಳ್ಳಿದರೆ ‘ಹ್ಯಾಡ್ ಬೀನ್ ವರ್ಕಿಂಗ್’ ಆಗುತ್ತದೆ. ಬದಲಾದದ್ದು ಮೊದಲ ಪದ ಮಾತ್ರ, ಉಳಿದೆರಡು ಕದಲಲಿಲ್ಲ. ಇಂಗ್ಲಿಷ್ ವಾಕ್ಯದಲ್ಲಿ ಕಾಲವೆಂಬುದು ಪಡಿತರ ಚೀಟಿಯ ಹಾಗೆ, ಮನೆಗೊಂದೇ. ‘ಡಿಡ್’ ಅದನ್ನು ಪಡೆದ ಮೇಲೆ ‘ಗೋ’ ಮತ್ತೆ ಸಾಲಿನಲ್ಲಿ ನಿಲ್ಲಬೇಕಿಲ್ಲ.

ಇಷ್ಟು ಹೇಳಿದರೆ ತಲೆಯಾಡಿಸುತ್ತಾರೆ, ಮರುದಿನ ಮತ್ತೆ ‘ಡಿಡ್ ನಾಟ್ ವೆಂಟ್’. ಚುರುಕಾದ ಹುಡುಗಿಯೊಬ್ಬಳು ಒಮ್ಮೆ ವಾದಕ್ಕೇ ನಿಂತಳು: ‘ಸರ್, ನಡೆದದ್ದು ನಿನ್ನೆ. ಗೋ ಎಂದರೆ ಕೇಳುವವರು ಇವತ್ತಿನ ಮಾತು ಎಂದುಕೊಳ್ಳುವುದಿಲ್ಲವೇ?’ ಅವಳ ಕಾಳಜಿ ನನಗೆ ಇಷ್ಟವಾಯಿತು. ಕನ್ನಡದಲ್ಲಿ ‘ಹೋದೆ’ ಎಂಬುದರ ನಿಷೇಧ ಹೇಳು ಎಂದೆ. ‘ಹೋಗಲಿಲ್ಲ.’ ‘ಬಂದೆ’ಗೆ? ‘ಬರಲಿಲ್ಲ.’ ‘ತಿಂದೆ’ಗೆ? ‘ತಿನ್ನಲಿಲ್ಲ.’ ‘ಹೋದಲಿಲ್ಲ, ತಿಂದಲಿಲ್ಲ ಎಂದು ಯಾಕೆ ಹೇಳಲಿಲ್ಲ?’ ಎಂದು ಕೇಳಿದಾಗ ಇಡೀ ತರಗತಿ ನಕ್ಕಿತು. ಹೋದ, ಬಂದ, ತಿಂದ ಎಂಬ ಭೂತರೂಪಗಳನ್ನು ಕಳಚಿಟ್ಟು ಮೂಲ ಧಾತುವಿಗೆ ಮರಳುವುದನ್ನು ನಾವು ಹಾಲುಹಲ್ಲು ಬೀಳುವ ಮೊದಲೇ ಕಲಿತಿರುತ್ತೇವೆ. ‘ನಿನ್ನೆ ಹೋಗಲಿಲ್ಲ’ ಎಂದವರನ್ನು ಇವತ್ತಿನ ಮಾತೇ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಭಾಗದ ತರಗತಿಯಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಮನೆಯಲ್ಲಿ ಉರ್ದು ಮಾತನಾಡುವ ವಿದ್ಯಾರ್ಥಿ ‘ಡಿಡ್ ನಾಟ್ ವೆಂಟ್’ ಎಂದರೆ ನಾನು ಅಷ್ಟು ಸಿಡುಕುವುದಿಲ್ಲ. ಅವನ ಭಾಷೆಯಲ್ಲಿ ‘ಗಯಾ’ ಎಂಬುದರ ನಿಷೇಧ ‘ನಹೀಂ ಗಯಾ’. ಭೂತರೂಪ ಹಾಗೆಯೇ ಉಳಿಯುತ್ತದೆ. ಗಡಿಯಾಚೆಯ ಮರಾಠಿಯಲ್ಲಿಯೂ ‘ಗೇಲಾ ನಾಹೀ’. ಸೇಡಂ ಕಡೆ ಕಿವಿಗೆ ಬೀಳುವ ತೆಲುಗು ಮಾತ್ರ ‘ವೆಳ್ಳಲೇದು’ ಎಂದು ನಮ್ಮ ದಾರಿಯನ್ನೇ ಹಿಡಿಯುತ್ತದೆ. ಹಾಗೆಂದು ಪ್ರತಿ ತಪ್ಪಿಗೂ ಮನೆಮಾತೇ ಕಾರಣ ಎನ್ನಲಾಗದು. ಅದು ಭಾಷಾವಿಜ್ಞಾನಿಗಳು ಹೇಳಬೇಕಾದ ಮಾತು. ಆದರೆ ‘ಹೋಗಲಿಲ್ಲ’ ಎನ್ನುತ್ತಲೇ ಬೆಳೆದ ಮಕ್ಕಳಿಗೆ ಈ ರೋಗ ಅಂಟಿಸಿದ್ದು ಮೂರು ಕಾಲಂ ಪಟ್ಟಿಯೇ ಎಂಬುದು ನನ್ನ ಬಲವಾದ ಗುಮಾನಿ. ಭೂತಕಾಲವೆಂದರೆ ಎರಡನೇ ಕಾಲಂ ಎಂದು ಕಲಿಸಿ ಕೈತೊಳೆದುಕೊಳ್ಳುತ್ತೇವೆ. ಆ ಕಾಲಂ ಯಾರ ಪಕ್ಕದಲ್ಲಿ ಕೂರಬಹುದು ಎಂದು ಹೇಳುವುದಿಲ್ಲ.

ಹೇಳಬೇಕಾದದ್ದು ಹೆಚ್ಚೇನಿಲ್ಲ. ಮೊದಲ ಕಾಲಂ ತಲೆಯ ಮೇಲೆ ಡು, ಡಸ್, ಡಿಡ್, ಕ್ಯಾನ್, ವಿಲ್, ಮಸ್ಟ್ ಎಂದು ಬರೆಯಿರಿ. ಮೂರನೆಯದರ ಮೇಲೆ ಹ್ಯಾವ್, ಹ್ಯಾಸ್, ಹ್ಯಾಡ್. ಕರ್ಮಣಿ ಪ್ರಯೋಗಕ್ಕೆ ಈಸ್, ವಾಸ್ ಕೂಡ ಅಲ್ಲಿಗೇ. ಎರಡನೆಯದರ ಮೇಲೆ ಏನನ್ನೂ ಬರೆಯಬೇಡಿ. ‘ವೆಂಟ್’ ಯಾವ ಸಹಾಯಕನ ಜೊತೆಗೂ ನಿಲ್ಲುವುದಿಲ್ಲ. ಅದು ಬಂದರೆ ಒಂಟಿಯಾಗಿಯೇ ಬರುತ್ತದೆ. ಕಟ್, ಪುಟ್ ಮುಂತಾದವುಗಳಿಗೆ ಮೂರೂ ಕಡೆ ಒಂದೇ ರೂಪವಾದ್ದರಿಂದ ಅಲ್ಲಿ ತಪ್ಪು ಮಾಡುವವನೂ ಬಚಾವಾಗುತ್ತಾನೆ. ಅಂಥವನ್ನು ಕೊಟ್ಟು ಪರೀಕ್ಷಿಸಬೇಡಿ.

ಎರಡು ಎಚ್ಚರಿಕೆ. ‘ವಾಸ್’, ‘ವರ್’ ಇರುವ ವಾಕ್ಯಕ್ಕೆ ಡಿಡ್ ಬೇಡ. ‘ಹಿ ವಾಸ್ ನಾಟ್ ದೇರ್’ ಸಾಕು. ‘ಯಾರು ಹೋದರು?’ ಎಂದು ಕರ್ತೃವನ್ನೇ ಕೇಳುವಾಗಲೂ ಸಾಮಾನ್ಯವಾಗಿ ಡಿಡ್ ಬರುವುದಿಲ್ಲ, ‘ಹೂ ವೆಂಟ್?’ ಎಂದೇ ಹೇಳಬೇಕು. ಇದನ್ನು ಮೊದಲ ದಿನವೇ ಹೇಳಿದರೆ ಗೊಂದಲವಾದೀತು; ‘ಡಿಡ್ ನಾಟ್ ಗೋ’ ನಾಲಿಗೆಗೆ ಹತ್ತಿದ ಮೇಲೆ ಹೇಳಿ. ‘ಐ ಡಿಡ್ ನಾಟ್ ಡು’ ಎಂಬಲ್ಲಿ ಎರಡೆರಡು ಡು ಕಂಡು ಒಂದನ್ನು ಹೊಡೆದುಹಾಕುವವರೂ ಇದ್ದಾರೆ. ಅಲ್ಲಿ ಮೊದಲನೆಯದು ಸಹಾಯಕ, ಎರಡನೆಯದು ಮುಖ್ಯ. ಎರಡೂ ಇರಲಿ ಬಿಡಿ.