ಮಕ್ಕಳ ತಟ್ಟೆಗೂ ದೊಡ್ಡವರ ವೋಟಿಗೂ ಏನು ಸಂಬಂಧ?

ನಮ್ಮೂರ ಸರ್ಕಾರಿ ಶಾಲೆ ಎಲೆಕ್ಷನ್ ದಿನ ಮತಗಟ್ಟೆಯಾಗುತ್ತದೆ. ಬೆಂಚುಗಳನ್ನು ಗೋಡೆಗೆ ಸರಿಸಿ, ಮೂಲೆಯಲ್ಲಿ ರಟ್ಟಿನ ಮರೆ ಇಟ್ಟು, ಬಾಗಿಲ ಪಕ್ಕ ಮತದಾರರ ಪಟ್ಟಿ ಅಂಟಿಸಿರುತ್ತಾರೆ. ಎರಡು ಹೆಜ್ಜೆ ಆಚೆ ಅಡುಗೆ ಕೋಣೆ. ಉಳಿದ ದಿನ ಅಲ್ಲಿ ಮಕ್ಕಳ ಬಿಸಿಯೂಟ ಬೇಯುತ್ತದೆ. ಅವತ್ತು ಅದೇ ಅಡುಗೆಯ ಅಕ್ಕಂದಿರು ಮತಗಟ್ಟೆ ಸಿಬ್ಬಂದಿಗೆ ಉಪ್ಪಿಟ್ಟು, ಅನ್ನ ಸಾರು ಮಾಡಿ ಹಾಕುತ್ತಾರೆ. ಸಾಲಿನಲ್ಲಿ ನಿಂತವರಿಗೆಲ್ಲ ಒಗ್ಗರಣೆಯ ವಾಸನೆ.

ಕಳೆದ ಸಲ ನನ್ನ ಮುಂದೆ ನಿಂತಿದ್ದ ಹುಡುಗ ಗೆಳೆಯನಿಗೆ ಹೇಳುತ್ತಿದ್ದ: "ಯಾರು ಬಂದ್ರೂ ಅಷ್ಟೇ ಬಿಡೋ." ಈ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಎಲ್ಲೋ ಯುದ್ಧ ನಡೆದರೆ ಇಲ್ಲಿ ಅಡುಗೆ ಎಣ್ಣೆ ದುಬಾರಿ. ದುಡಿಮೆ ಸಾಲುವುದಿಲ್ಲ. ಇಂಥ ಹೊತ್ತಲ್ಲಿ ಒಂದು ವೋಟಿನಿಂದ ಏನಾಗುತ್ತದೆ ಅನ್ನಿಸುವುದು ಸಹಜ. ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಆದರೆ ಯುದ್ಧ, ಬೆಲೆ ಏರಿಕೆ, ಮಕ್ಕಳ ಹಸಿವು ಮೂರೂ ಒಟ್ಟಿಗೆ ಬಂದಾಗ, ಜನರ ಕೈಯಲ್ಲಿ ವೋಟು ಇಲ್ಲದಿದ್ದರೆ ಏನಾಗುತ್ತದೆ ಅಂತ ನಮ್ಮ ದೇಶ ಒಮ್ಮೆ, 1943ರ ಬಂಗಾಳದ ಕ್ಷಾಮದಲ್ಲಿ, ಕಣ್ಣಾರೆ ನೋಡಿದೆ. ಅದನ್ನು ಅವನಿಗೆ ಹೇಳಬೇಕು ಅನ್ನಿಸಿತು.

1942ರಲ್ಲಿ ಜಪಾನ್ ಸೇನೆ ಬರ್ಮಾವನ್ನು ಹಿಡಿಯಿತು. ಅಲ್ಲಿಂದ ಬಂಗಾಳಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರು ಬಂದರೆ ಅವನ ಕೈಗೆ ಏನೂ ಸಿಗಬಾರದು ಅಂತ ಬ್ರಿಟಿಷ್ ಸರ್ಕಾರ ಕರಾವಳಿ ಜಿಲ್ಲೆಗಳ ಅಕ್ಕಿಯನ್ನು ಅಲ್ಲಿಂದ ಎತ್ತಿಸಿತು. ಹತ್ತಕ್ಕಿಂತ ಜಾಸ್ತಿ ಜನ ಕೂರುವ ದೋಣಿಗಳನ್ನೂ ಕಿತ್ತುಕೊಂಡಿತು, ಎಷ್ಟನ್ನೋ ಒಡೆಸಿಹಾಕಿತು. ಅದು ನೀರಿನ ನಾಡು. ಮೀನು ಹಿಡಿಯಲು, ಭತ್ತ ಸಾಗಿಸಲು, ಗದ್ದೆಗೆ ಹೋಗಲು ದೋಣಿಯೇ ಬೇಕು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚಂಡಮಾರುತ ಬೇರೆ ಹೊಡೆಯಿತು. ಯುದ್ಧದ ಖರ್ಚಿಗೆ ಸರ್ಕಾರ ನೋಟು ಅಚ್ಚು ಹಾಕುತ್ತಾ ಹೋಯಿತು, ಅಕ್ಕಿ ಬೆಲೆ ಏರುತ್ತಾ ಹೋಯಿತು. ಕಲ್ಕತ್ತಾದ ಯುದ್ಧ ಸಾಮಗ್ರಿ ಕಾರ್ಖಾನೆಗಳ ಕೆಲಸಗಾರರಿಗೆ ಅಗ್ಗದ ಅಕ್ಕಿಯ ವ್ಯವಸ್ಥೆ ಇತ್ತು. ಹಳ್ಳಿಯ ಕೂಲಿಯವರಿಗೆ, ಮೀನುಗಾರರಿಗೆ ಇರಲಿಲ್ಲ.

ಶಾಂತಿನಿಕೇತನದಲ್ಲಿ ಆಗ ಒಂಬತ್ತು ವರ್ಷದ ಒಬ್ಬ ಹುಡುಗನಿದ್ದ. ಹಸಿದು ಮನೆ ಬಾಗಿಲಿಗೆ ಬಂದವರಿಗೆ ಅಕ್ಕಿ ಕೊಡಬಹುದಾ ಅಂತ ಅಜ್ಜನನ್ನು ಕೇಳಿದ. ಅಜ್ಜ ಒಂದು ಸಣ್ಣ ಸಿಗರೇಟ್ ಡಬ್ಬಿ ಕೊಟ್ಟು, ಇದರಲ್ಲಿ ಅಳೆದು ಕೊಡು ಅಂದರು. ಬರುವವರು ಅಷ್ಟು ಜನ, ಅಳತೆ ಇಟ್ಟುಕೊಳ್ಳದೆ ವಿಧಿಯಿರಲಿಲ್ಲ. ಆ ಹುಡುಗ ಅಮರ್ತ್ಯ ಸೇನ್. ಮುಂದೆ ಅವರು ಅರ್ಥಶಾಸ್ತ್ರಜ್ಞರಾಗಿ ಹೇಳಿದ ಮಾತು ಪ್ರಪಂಚಕ್ಕೆಲ್ಲ ಗೊತ್ತು: ಸರಿಯಾಗಿ ಚುನಾವಣೆ ನಡೆಯುವ, ಪತ್ರಿಕೆಗಳು ಬಾಯಿಬಿಟ್ಟು ಮಾತಾಡುವ ದೇಶದಲ್ಲಿ ದೊಡ್ಡ ಕ್ಷಾಮ ಬರುವುದಿಲ್ಲ.

ಬಂಗಾಳದಲ್ಲಿ ಶಾಸನಸಭೆ ಇತ್ತು, ಮಂತ್ರಿಗಳೂ ಇದ್ದರು. ಆದರೆ 1935ರ ಕಾಯ್ದೆಯ ಪ್ರಕಾರ ಆಸ್ತಿ, ತೆರಿಗೆ, ಓದು ನೋಡಿ ವೋಟು. ಕೂಲಿ ಮಾಡುವವರಲ್ಲಿ ಹೆಚ್ಚಿನವರಿಗೆ ಅದು ಇರಲೇ ಇಲ್ಲ. ಅಧಿಕಾರದ ಕೀಲಿಕೈ ಇದ್ದದ್ದಂತೂ ದೆಹಲಿ, ಲಂಡನ್‌ಗಳಲ್ಲಿ. ಬೀದಿಯಲ್ಲಿ ಜನ ಸಾಯುತ್ತಿದ್ದರೂ ಸರ್ಕಾರ 'ಕ್ಷಾಮ' ಅಂತ ಘೋಷಿಸಲಿಲ್ಲ. ಘೋಷಿಸಿದ್ದರೆ ಕ್ಷಾಮ ಸಂಹಿತೆ ಅನ್ನುವ ಸರ್ಕಾರದ್ದೇ ನಿಯಮಾವಳಿಯ ಪ್ರಕಾರ ಕೆಲಸ ಕೊಡಬೇಕಿತ್ತು, ಪರಿಹಾರ ಕೊಡಬೇಕಿತ್ತು. 1943ರ ಆಗಸ್ಟ್‌ನಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆ ಬೀದಿ ಬದಿಯ ಹಸಿದವರ ಫೋಟೋಗಳನ್ನು ಹಾಕಿದ ಮೇಲೇ ವಿಷಯ ದೂರದವರಿಗೆ ಮುಟ್ಟಿದ್ದು. ಸತ್ತವರು 15 ಲಕ್ಷ ಅಂದಿತು ಸರ್ಕಾರದ ತನಿಖಾ ಆಯೋಗ. 30 ಲಕ್ಷದವರೆಗೆ ಅನ್ನುತ್ತಾರೆ ಆಮೇಲೆ ಲೆಕ್ಕ ಹಾಕಿದವರು. ಅದರಲ್ಲಿ ಮಕ್ಕಳು ಎಷ್ಟೋ.

ಅದೇ ಯುದ್ಧ, ಅದೇ ಸಾಮ್ರಾಜ್ಯ. ಬ್ರಿಟನ್‌ನಲ್ಲಿ 1940ರಲ್ಲೇ ಐದು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಕಡಿಮೆ ಬೆಲೆಗೆ ಹಾಲು ಕೊಡುವ ಯೋಜನೆ ಬಂತು, ತೀರಾ ಬಡವರಿಗೆ ಪುಕ್ಕಟೆಯಾಗಿ. ಅಲ್ಲಿಯೂ ಚುನಾವಣೆ ಮುಂದಕ್ಕೆ ಹೋಗಿತ್ತು. ಆದರೆ ಒಂದು ದಿನ ಬಂದೇ ಬರುತ್ತದೆ, ಆ ಹಾಲು ಕುಡಿದ ಮಕ್ಕಳ ತಾಯಂದಿರು ವೋಟು ಹಾಕುತ್ತಾರೆ ಅಂತ ಆಳುವವರಿಗೆ ಗೊತ್ತಿತ್ತು. 1945ರ ಜುಲೈನಲ್ಲಿ ಚುನಾವಣೆ ಬಂತು. ಯುದ್ಧ ಗೆಲ್ಲಿಸಿದ ಚರ್ಚಿಲ್ ಅವರನ್ನೇ ಜನ ಇಳಿಸಿದರು. ಮನೆ, ಕೆಲಸ, ಆಸ್ಪತ್ರೆ, ಮಕ್ಕಳ ಊಟ ಕೇಳಿ ಹಾಕಿದ ವೋಟದು. ಮಾರನೇ ವರ್ಷದಿಂದ ಶಾಲಾ ಮಕ್ಕಳಿಗೆಲ್ಲ ಉಚಿತ ಹಾಲು.

ನಮಗೆ ಎಲ್ಲರ ವೋಟು ಬಂದದ್ದು 1951–52ರಲ್ಲಿ. ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಜನ. ಆ ಪಟ್ಟಿ ಮಾಡಿದ್ದೇ ಒಂದು ದೊಡ್ಡ ಕಥೆ. ಮನೆಮನೆಗೆ ಹೋದ ಗುಮಾಸ್ತರಿಗೆ ಉತ್ತರದ ಎಷ್ಟೋ ಹೆಂಗಸರು ತಮ್ಮ ಹೆಸರೇ ಹೇಳಲಿಲ್ಲ. "ಇಂಥವನ ಹೆಂಡತಿ", "ಇಂಥವನ ತಾಯಿ" ಅಂದರು. ಮೊದಲ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬರೆಸಲೇಬೇಕು ಅಂದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಆಗ ಅದು ಕ್ರೂರ ಅನ್ನಿಸಿರಬೇಕು. ನನಗೆ ಈಗಲೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಆದರೆ ಮುಂದಿನ ಚುನಾವಣೆ ಹೊತ್ತಿಗೆ ಅವರಲ್ಲಿ ಬಹಳ ಜನ ಹೆಸರು ಹೇಳಿ ಬರೆಸಿದರು.

ಈ ವೋಟಿಗೆ ನಿಜವಾದ ಪರೀಕ್ಷೆ ಬಂದದ್ದು 1967ರಲ್ಲಿ. 1962ರಲ್ಲಿ ಚೀನಾ ಯುದ್ಧ, 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ. ಆಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು. ಗೋಧಿ ಅಮೆರಿಕದ ಹಡಗಿನಲ್ಲಿ ಬರಬೇಕು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಅಂತ ಕೇಳಿಕೊಂಡದ್ದು ಹಳಬರಿಗೆ ನೆನಪಿದೆ. 1966ರ ಜೂನ್‌ನಲ್ಲಿ ರೂಪಾಯಿ ಬೆಲೆ ಇಳಿಸಲಾಯಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು.

ಬಿಹಾರದಲ್ಲಿ ಹೊಲ ಒಣಗಿ ಬಾಯಿಬಿಟ್ಟಿತ್ತು. ಆದರೂ 'ಕ್ಷಾಮ' ಅನ್ನುವ ಪದ ಆಳುವವರ ಬಾಯಿಂದ ಹೊರಬರುತ್ತಿರಲಿಲ್ಲ, ಥೇಟ್ 1943ರ ಹಾಗೆ. ಈ ಸಲ ಮಾತ್ರ ಫೆಬ್ರವರಿಯಲ್ಲಿ ಎಲೆಕ್ಷನ್ ಇತ್ತು. ಜನ ಸರ್ಕಾರ ಬದಲಿಸಿದರು. ಹೊಸ ಸರ್ಕಾರ ಏಪ್ರಿಲ್‌ನಲ್ಲಿ ಕ್ಷಾಮ ಘೋಷಿಸಿತು. ಧಾನ್ಯ ಬಂತು, ಗಂಜಿಕೇಂದ್ರ ತೆರೆದವು, ಶಾಲೆಗಳಲ್ಲಿ ಲಕ್ಷಾಂತರ ಮಕ್ಕಳಿಗೆ ಊಟ ಹಾಕಿದರು. ಕಷ್ಟ ಇರಲಿಲ್ಲ ಅಂತಲ್ಲ. ಬಂಗಾಳ ಮಾತ್ರ ಮರುಕಳಿಸಲಿಲ್ಲ. ಈ ಒಂದು ವ್ಯತ್ಯಾಸ ಸಾಕು ನನಗೆ.

ಅದೇ ಚುನಾವಣೆಯಲ್ಲಿ ಮದ್ರಾಸ್ ರಾಜ್ಯದಲ್ಲಿ (ಈಗಿನ ತಮಿಳುನಾಡು) ಅಣ್ಣಾದೊರೈ ಅವರ ಪಕ್ಷ ರೂಪಾಯಿಗೆ ಮೂರು ಪಡಿ (ಹಳೆಯ ಅಳತೆ) ಅಕ್ಕಿ ಅಂತ ಹೇಳಿ ಗೆದ್ದಿತು. ಗೆದ್ದ ಮೇಲೆ ಕೊಡಲು ಆದದ್ದು ಒಂದು ಪಡಿ, ಅದೂ ಎರಡು ನಗರಗಳಿಂದ ಶುರು. 1956ರಲ್ಲಿ ಮುಖ್ಯಮಂತ್ರಿಯಾಗಿ ಶಾಲೆಯಲ್ಲಿ ಮಧ್ಯಾಹ್ನದ ಊಟ ತಂದ ಕಾಮರಾಜರೇ ಆಗ ಸ್ವಂತ ಊರಲ್ಲಿ ಸೋತರು. ಅದು ನೋವಿನ ವಿಷಯವೇ. ಆದರೆ ಅವರು ಸೋತರೂ ಅವರು ಹಾಕಿಸಿದ ಊಟ ನಿಲ್ಲಲಿಲ್ಲ. 1982ರಲ್ಲಿ ಎಂಜಿಆರ್ ಅದನ್ನು ಇನ್ನೂ ದೊಡ್ಡದು ಮಾಡಿದರು.

ಉಳಿದ ದೇಶಕ್ಕೆ ಇದು ಬರಲು ಬಹಳ ಕಾಲ ಹಿಡಿಯಿತು. 1995ರಲ್ಲಿ ಕೇಂದ್ರದ ಯೋಜನೆ ಬಂದರೂ ಹೆಚ್ಚಿನ ರಾಜ್ಯಗಳಲ್ಲಿ ಮಕ್ಕಳಿಗೆ ಸಿಕ್ಕಿದ್ದು ತಿಂಗಳಿಗೆ ಮೂರು ಕಿಲೋ ಧಾನ್ಯ, ಬೇಯಿಸಿದ ಊಟ ಅಲ್ಲ. 2001ರಲ್ಲಿ ಗೋದಾಮು ತುಂಬಿ ತುಳುಕುತ್ತಿತ್ತು, ರಾಜಸ್ಥಾನದಲ್ಲಿ ಬರ ಇತ್ತು. ನಾಗರಿಕ ಹಕ್ಕುಗಳ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ನವೆಂಬರ್ 28ರಂದು ಕೋರ್ಟ್ ಬಿಸಿ ಊಟವನ್ನೇ ಕೊಡಿ ಅಂದಿತು. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಆಮೇಲೆ ಮೊಟ್ಟೆ. ಕೊಡಿಸಿದ್ದು ಕೋರ್ಟ್ ಅಲ್ವಾ, ವೋಟಿನದೇನು ಪಾಲು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆಮೇಲೆ ಎಷ್ಟು ಸರ್ಕಾರ ಬಂದು ಹೋದವು! ಮೊಟ್ಟೆ ಬೇಕು ಬೇಡ ಅಂತ ಜಗಳ ಆಯಿತು. ಊಟವನ್ನೇ ನಿಲ್ಲಿಸುತ್ತೇವೆ ಅನ್ನುವ ಧೈರ್ಯ ಮಾತ್ರ ಯಾರೂ ಮಾಡಲಿಲ್ಲ. ಆ ಮಕ್ಕಳ ಅಪ್ಪ ಅಮ್ಮ ಸಾಲಿನಲ್ಲಿ ನಿಲ್ಲುವವರು.

ಇಷ್ಟೆಲ್ಲ ಆಗಿಯೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಸಂಕಟವಾಗುತ್ತದೆ. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕ್ಷಾಮ ಬಂದರೆ ಫೋಟೋ ಬರುತ್ತದೆ, ಕುರ್ಚಿ ಅಲುಗುತ್ತದೆ. ಮೂರು ವರ್ಷದ ಮಗು ದಿನಾ ಸ್ವಲ್ಪ ಕಮ್ಮಿ ಉಂಡು ಮಲಗಿದರೆ ಸುದ್ದಿಯಾಗುವುದಿಲ್ಲ, ಎಲೆಕ್ಷನ್ ಭಾಷಣದಲ್ಲೂ ಬರುವುದಿಲ್ಲ. ಸೇನ್ ಕೂಡ ಇದನ್ನು ಎಷ್ಟೋ ಸಲ ಹೇಳಿದ್ದಾರೆ. ಇದರ ಬಗ್ಗೆ ಆಳುವವರನ್ನು ನಾವು ಪ್ರಶ್ನೆ ಮಾಡದೆ ಬಿಟ್ಟಿದ್ದೇವೆ. ಪ್ರಶ್ನೆ ಮಾಡಲು ಎಲ್ಲರೂ ಸಾಲಿಗೆ ಬರುವುದೂ ಇಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನ ಆಯಿತು. ಬೆಂಗಳೂರು ದಕ್ಷಿಣದಲ್ಲಿ ಸುಮಾರು 53.

ಮತದಾರರ ಪಟ್ಟಿ ಹಿಡಿದು ಮನೆಗೆ ಬರುವ ಬೂತ್ ಮಟ್ಟದ ಅಧಿಕಾರಿ ಎಷ್ಟೋ ಊರಲ್ಲಿ ಅಂಗನವಾಡಿ ಟೀಚರೇ. ಬೆಳಿಗ್ಗೆ ಮಕ್ಕಳನ್ನು ತಕ್ಕಡಿಯಲ್ಲಿ ತೂಗಿ ತೂಕ ಬರೆದುಕೊಂಡಿರುತ್ತಾರೆ. ಸಂಜೆ ನಮ್ಮ ಬಾಗಿಲಲ್ಲಿ ನಿಂತು, ಮನೆಯಲ್ಲಿ 18 ತುಂಬಿದವರು ಯಾರಿದ್ದಾರಮ್ಮ, ಫಾರಂ 6 ತಂದಿದ್ದೀನಿ ಅನ್ನುತ್ತಾರೆ.