ಫೋಟೋದೊಳಗಿನ ಬೆಳಕು, ಮೂವತ್ತು–ನಲವತ್ತರ ಮನೆ

ಮನೆಯ ಒಳಾಂಗಣ ಮಾಡಿಸಬೇಕೆಂದು ಕೋಲಾರದ ನನ್ನ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಇಪ್ಪತ್ತು ಮೂವತ್ತು ಚಿತ್ರಗಳನ್ನು ಕೂಡಿಟ್ಟುಕೊಂಡೇ ಬರುತ್ತಾರೆ. ಬೂದು ಬಣ್ಣದ ಸೋಫಾ, ಅದರ ಹಿಂದೆ ಬಿಳಿ ಗೋಡೆ, ನೆಲ ಮುಟ್ಟುವಂತೆ ಇಳಿಬಿಟ್ಟ ತೆಳು ಪರದೆ, ಮೂಲೆಯಲ್ಲೊಂದು ಎತ್ತರದ ಗಿಡ. "ಇದೇ ಥರ ಬರಬೇಕು ಮೇಡಂ" ಎನ್ನುತ್ತಾರೆ. ಆಗ ನಾನು ಕೇಳುವ ಮೊದಲ ಪ್ರಶ್ನೆ ಅವರಿಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ: ಈ ಚಿತ್ರದಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿದೆ? ಮತ್ತೆ ನೋಡಿದಾಗ ಗೊತ್ತಾಗುತ್ತದೆ, ಸೋಫಾದ ಎದುರಿಗೆ ಗೋಡೆಯಗಲದ ಕಿಟಕಿಯಿದೆ, ಕಿಟಕಿಯ ಆಚೆ ಬಯಲಿದೆ. ಅವರಿಗೆ ಹಿಡಿಸಿದ್ದು ಆ ಬೆಳಕು. ಸೋಫಾ ಅದರಲ್ಲಿ ಕೂತಿತ್ತು, ಅಷ್ಟೆ.

ನಮ್ಮ ಊರುಗಳ ಬಡಾವಣೆಗಳಲ್ಲಿ ಮನೆಯೆಂದರೆ ಸಾಮಾನ್ಯವಾಗಿ ಮೂವತ್ತು–ನಲವತ್ತರ ನಿವೇಶನ, 1200 ಚದರಡಿ. ಕೆಳಗೆ ಯಜಮಾನರು, ಮೇಲೆ ಬಾಡಿಗೆಯವರು, ಎಡಕ್ಕೂ ಬಲಕ್ಕೂ ಮೂರು ನಾಲ್ಕು ಅಡಿ ಬಿಟ್ಟು ಪಕ್ಕದವರ ಗೋಡೆ. ಇಂಥ ಮನೆಯ ಹಾಲಿಗೆ ಆ ಬೂದು ಸೋಫಾವನ್ನು ತಂದು ಹಾಕಿದರೆ ಅದು ಮಳೆಗಾಲದ ಮಧ್ಯಾಹ್ನದಂತೆ ಕಾಣುತ್ತದೆ. ಆದ್ದರಿಂದ ನನ್ನ ಕೆಲಸದ ಕ್ರಮದಲ್ಲಿ ಮೊದಲು ಹಗಲಿನ ಬೆಳಕು, ಆಮೇಲೆ ರಾತ್ರಿಯ ಬೆಳಕು, ಅದಾದ ಮೇಲೆ ನೀರು ಮತ್ತು ಧೂಳನ್ನು ತಡೆದುಕೊಳ್ಳುವ ಮೇಲ್ಮೈಗಳು ಬರುತ್ತವೆ. ಪೀಠೋಪಕರಣ, ಅಲಂಕಾರದ ವಸ್ತುಗಳು ಕೊನೆಗೆ. ಬಜೆಟ್ಟು ಮಾತ್ರ ಎಲ್ಲರ ಮನೆಯಲ್ಲೂ ಇದಕ್ಕೆ ತಿರುಗಾಮುರುಗಾ ಖರ್ಚಾಗಿರುತ್ತದೆ.

ಬಂಗಾರಪೇಟೆ ರಸ್ತೆಯ ಕಡೆಯ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹಾಲು ಹತ್ತಡಿಗೆ ಹದಿನಾಲ್ಕಡಿ. ದಕ್ಷಿಣಕ್ಕೆ ಒಳ್ಳೆಯ ಕಿಟಕಿಯೇ ಇತ್ತು, ಆದರೆ ಅದರ ಮೂರಡಿ ಆಚೆಗೆ ಸಿಮೆಂಟಿನ ಬಣ್ಣದಲ್ಲೇ ಉಳಿದಿದ್ದ ಅವರದೇ ಕಾಂಪೌಂಡ್ ಗೋಡೆ ಎದ್ದು ನಿಂತಿತ್ತು. ಹಗಲು ಹನ್ನೊಂದು ಗಂಟೆಗೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮನೆಯವರು ಹಾಲಿನ ಒಳಗೋಡೆಗೆ ಯಾವ ಬಣ್ಣ ಹೊಡೆಸಬೇಕು ಎಂದು ಕೇಳುತ್ತಿದ್ದರು. ನಾನು ಮೊದಲು ಆ ಕಾಂಪೌಂಡಿನ ಒಳಮುಖಕ್ಕೆ ಅಚ್ಚ ಬಿಳಿ ಹೊಡೆಸಿದೆ. ಓಣಿಗೆ ಮೇಲಿನಿಂದ ಬೀಳುವ ಬೆಳಕು ಆ ಬಿಳಿಗೆ ತಾಗಿ ಕಿಟಕಿಯೊಳಕ್ಕೆ ತಿರುಗಿತು. ಖರ್ಚಾದದ್ದು ಒಂದು ಡಬ್ಬ ಬಣ್ಣ, ಒಂದು ದಿನದ ಕೂಲಿ. ಕಿಟಕಿಗೆ ಎದುರಾದ ಒಳಗೋಡೆಯನ್ನು ತಿಳಿ ಕೆನೆ ಬಣ್ಣದಲ್ಲಿಟ್ಟು, ಟಿ.ವಿ. ಹಿಂದೆ ಹಾಕಿಸಬೇಕೆಂದಿದ್ದ ಕಪ್ಪು ಅಮೃತಶಿಲೆಯ ಹೋಲಿಕೆಯ ಹಲಗೆಯನ್ನು ಕೈಬಿಡಲು ಒಪ್ಪಿಸಿದ ಮೇಲೆ, ಹಗಲಲ್ಲಿ ಸ್ವಿಚ್ಚು ಒತ್ತುವ ಅಭ್ಯಾಸ ತಾನಾಗಿಯೇ ನಿಂತಿತು. ಆ ಹಲಗೆಯ ವಿಚಾರದಲ್ಲಿ ಮನೆಯ ಮಗನಿಗೆ ಇಂದಿಗೂ ಸ್ವಲ್ಪ ಅಸಮಾಧಾನವಿದೆ ಎಂಬುದನ್ನೂ ಹೇಳಬೇಕು.

ದಿಕ್ಕಿನ ಬಗ್ಗೆ ಒಂದು ತಪ್ಪು ತಿಳುವಳಿಕೆಯಿದೆ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ ಎಂಬ ಮಾತು ದೂರದ ಚಳಿ ದೇಶಗಳ ಮಟ್ಟಿಗೆ ಬಹುತೇಕ ಸರಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಸೂರ್ಯ ಎತ್ತರದಲ್ಲಿರುವುದರಿಂದ ಉತ್ತರಕ್ಕೆ ಒಂದೂವರೆ ಅಡಿಯ ಸಜ್ಜೆ ಸಾಕಾಗುತ್ತದೆ. ಪಶ್ಚಿಮಕ್ಕೆ ಮಾತ್ರ ಸಜ್ಜೆ ಎಷ್ಟಿದ್ದರೂ ಸಂಜೆಯ ಬಿಸಿಲು ಅಡ್ಡಡ್ಡ ನುಗ್ಗುತ್ತದೆ. ಅಲ್ಲಿ ಒಳಗಿನ ಪರದೆಗಿಂತ ಕಿಟಕಿಯ ಹೊರಗೆ ಇಳಿಬಿಡುವ ಬಿದಿರಿನ ತೆರೆ ಹೆಚ್ಚು ಕೆಲಸ ಮಾಡುತ್ತದೆ. ಗಾಜನ್ನು ದಾಟಿ ಒಳಗೆ ಬಂದುಬಿಟ್ಟ ಶಾಖವನ್ನು ಪರದೆ ಹೊರಕ್ಕೆ ಕಳಿಸಲಾರದು.

ರಾತ್ರಿಯ ಬೆಳಕಿನ ವಿಷಯದಲ್ಲಿ ನಾವು ಅತಿ ಹೆಚ್ಚು ಎಡವುತ್ತೇವೆ. ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಎಂದು ಒಂದು ಸಂಖ್ಯೆ ಅಚ್ಚಾಗಿರುತ್ತದೆ. 2700ರಿಂದ 3000ದ ಬೆಳಕು ಹಳದಿ ಛಾಯೆಯದ್ದು, ಹಳೆಯ ತಂತಿ ಬಲ್ಬಿನ ನೆನಪು ತರುವಂಥದ್ದು. 4000ದ್ದು ನಡುವಿನದು. 6500ರದ್ದು ನೀಲಿ ಛಾಯೆಯ ಬಿಳಿ. ನಮ್ಮ ಅಂಗಡಿಗಳಲ್ಲಿ ಬಲ್ಬು ಕೊಡಿ ಎಂದರೆ ಮಾತಿಲ್ಲದೆ ಕೊಡುವುದು ಈ ಕೊನೆಯದನ್ನೇ. ಹಾಲು ಮತ್ತು ಮಲಗುವ ಕೋಣೆಗೆ 3000, ಅಡುಗೆಯ ಕಟ್ಟೆಗೂ ಮಕ್ಕಳು ಓದುವ ಮೇಜಿಗೂ 4000 ಎಂಬುದು ನಾನು ಪಾಲಿಸುವ ಲೆಕ್ಕ. ಒಂದೇ ಕೋಣೆಯಲ್ಲಿ ಎರಡನ್ನು ಬೆರೆಸಿದರೆ ಒಂದು ಗೋಡೆ ಹಳದಿಯಾಗಿ, ಇನ್ನೊಂದು ಆಸ್ಪತ್ರೆಯಂತೆ ಕಾಣುತ್ತದೆ. ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆಯೂ ಇರುತ್ತದೆ. ನೂರಕ್ಕೆ ಹತ್ತಿರವಾದಷ್ಟೂ ಬಣ್ಣಗಳು ಇದ್ದಂತೆ ಕಾಣುತ್ತವೆ. ಬೀರುವಿನ ಮುಂದೆ, ಕನ್ನಡಿಯ ಮೇಲೆ 90 ಅಥವಾ ಅದಕ್ಕಿಂತ ಹೆಚ್ಚಿನದನ್ನೇ ಹಾಕಿಸುತ್ತೇನೆ. ಮೆರೂನ್ ಎಂದು ಉಟ್ಟ ರೇಷ್ಮೆ ಸೀರೆ ಛತ್ರದಲ್ಲಿ ಬೇರೆ ಬಣ್ಣಕ್ಕೆ ತಿರುಗಿದ ಅನುಭವ ಅನೇಕ ಹೆಂಗಸರಿಗೆ ಇದೆ.

ಫಾಲ್ಸ್ ಸೀಲಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತಡಿ ಎತ್ತರದ ಕೋಣೆಯಲ್ಲಿ ಮುಕ್ಕಾಲು ಅಡಿ ಇಳಿಸಿ, ಅದರ ಕೆಳಗೆ ಫ್ಯಾನು ತೂಗುಹಾಕಿ, ಸುತ್ತ ನೀಲಿ ಪಟ್ಟಿ ದೀಪ ಹಚ್ಚುವುದು ಗೃಹಪ್ರವೇಶದ ದಿನದ ಸಂಭ್ರಮಕ್ಕೆ ಸರಿ. ಅದೇ ಹಣದಲ್ಲಿ ಗೋಡೆಯ ಮೇಲೆ, ನೆಲದಿಂದ ಐದು ಅಡಿ ಎತ್ತರದಲ್ಲಿ, ಮೂರು ದೀಪಗಳನ್ನು ಕೊಟ್ಟರೆ ಮುಖಗಳ ಮೇಲೆ ಬೆಳಕು ಬೀಳುತ್ತದೆ, ಕೂತವರು ಚೆನ್ನಾಗಿ ಕಾಣುತ್ತಾರೆ.

ಇನ್ನು ನೀರು. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿ ಯಾರಿಗೂ ಆಶ್ಚರ್ಯದ ವಿಷಯವಲ್ಲ, ಆ ನೀರಿನ ಗಡಸುತನವೂ ಅಷ್ಟೇ ಪರಿಚಿತ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಜಾಗದಲ್ಲಿ ಬಿಳಿ ಕಲೆಯಾಗಿ ಕೂರುತ್ತವೆ. ವೃತ್ತಿಗೆ ಬಂದ ಹೊಸತರಲ್ಲಿ ನಾನು ಒಂದು ಮನೆಗೆ ಕನ್ನಡಿಯಂತೆ ಹೊಳೆಯುವ ಕಪ್ಪು ಲ್ಯಾಮಿನೇಟಿನ ಅಡುಗೆಮನೆಯನ್ನೂ ಕಪ್ಪು ಬಣ್ಣದ ನಲ್ಲಿಗಳನ್ನೂ ಮಾಡಿಕೊಟ್ಟೆ. ಫೋಟೋ ಬಹಳ ಚೆನ್ನಾಗಿ ಬಂತು. ಮೂರು ತಿಂಗಳ ನಂತರ ಹೋದಾಗ ಸಿಂಕಿನ ಕೆಳಗಿನ ಎರಡು ಬಾಗಿಲುಗಳ ಮೇಲೆ ಹನಿ ಇಳಿದ ಜಾಡುಗಳು ಸುಣ್ಣದ ಗೀಟುಗಳಾಗಿದ್ದವು. ಒರೆಸಿ ಒರೆಸಿ ಮೇಲ್ಮೈಯೇ ಮಂಕಾಗಿತ್ತು. ಆ ಮನೆಯ ಅತ್ತೆಯವರು ಏನೂ ಆಡದೆ ಕಾಫಿ ಕೊಟ್ಟರು. ಬೈದಿದ್ದರೆ ಅಷ್ಟು ನೆನಪಿರುತ್ತಿರಲಿಲ್ಲವೇನೋ. ಅಂದಿನಿಂದ ನೀರು ತಾಗುವ ಕಡೆಯೆಲ್ಲ ಹೊಳಪಿಲ್ಲದ, ತಿಳಿ ಮರಳಿನ ಅಥವಾ ಬೂದಿಯ ಛಾಯೆಯ ಮೇಲ್ಮೈ, ಸಾದಾ ಉಕ್ಕಿನ ಬಣ್ಣದ ನಲ್ಲಿ. ಬಚ್ಚಲಿಗೆ ಗಾಜಿನ ಅಡ್ಡಗೋಡೆ ಬೇಕೇಬೇಕೆನ್ನುವವರಿಗೆ ರಬ್ಬರಿನ ಒರಸಿಗೆಯನ್ನು ಅಲ್ಲೇ ಮೊಳೆಗೆ ನೇತುಹಾಕಿ ಕೊಡುತ್ತೇನೆ. ಸಿಂಕಿನ ಕೆಳಗಿನ ಪೆಟ್ಟಿಗೆಗೆ ಐಎಸ್ 710 ಗುರುತಿನ, ಎಂದರೆ ಭಾರತೀಯ ಮಾನಕದ ಮೆರೈನ್ ದರ್ಜೆಯ, ಪ್ಲೈವುಡ್ ಆಗಲೇಬೇಕು. ಅಡುಗೆಮನೆಯ ಉಳಿದ ಭಾಗಕ್ಕೆ ಐಎಸ್ 303ರ ನೀರು ತಡೆಯುವ ದರ್ಜೆ ಸಾಕು.

ಅಡುಗೆ ಕಟ್ಟೆಯ ಎತ್ತರವನ್ನು ಬಡಗಿಗಳೂ ಗಾರೆಯವರೂ 34 ಇಂಚು ಎಂದು ಬಾಯಿಪಾಠ ಮಾಡಿಕೊಂಡಿದ್ದಾರೆ. ತರಕಾರಿ ಹೆಚ್ಚುವುದಕ್ಕೆ ಅದು ಪರವಾಗಿಲ್ಲ. ಆದರೆ ನಮ್ಮ ಕಡೆಯ ಅಡುಗೆಮನೆಯಲ್ಲಿ ದಿನಕ್ಕೊಂದು ಬಾರಿಯಾದರೂ ರಾಗಿಮುದ್ದೆ ತೊಳಸಬೇಕು. ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ, ಪಾತ್ರೆಯೊಳಗೆ ಮುದ್ದೆ ಕೋಲು. ಐದಡಿ ಎತ್ತರದ ಹೆಂಗಸಿನ ಕೈ ಆಗ ಭುಜದ ಮಟ್ಟಕ್ಕೆ ಏರುತ್ತದೆ. ಮುದ್ದೆಗೆ ಬೇಕಾದದ್ದು ಮೇಲಿನಿಂದ ಒತ್ತುವ ಬಲ. ಹೀಗಾಗಿ ಎಷ್ಟೋ ಹೊಸ ಮನೆಗಳಲ್ಲಿ ಪಾತ್ರೆಯನ್ನು ನೆಲಕ್ಕಿಳಿಸಿ, ಕಾಲಲ್ಲಿ ಒತ್ತಿ ಹಿಡಿದು ತೊಳಸುವುದನ್ನು ಕಂಡಿದ್ದೇನೆ. ಒಲೆಯಿರುವ ಮೂರಡಿ ಭಾಗವನ್ನು ಮಾತ್ರ 30 ಇಂಚಿಗೆ ಇಳಿಸಿದರೆ ಈ ಕಷ್ಟ ತಪ್ಪುತ್ತದೆ. ಗ್ರಾನೈಟಿನ ಚಪ್ಪಡಿಯನ್ನು ಎರಡು ತುಂಡು ಮಾಡಬೇಕಾಗುತ್ತದೆ, ಮೆಟ್ಟಿಲಿನಂಥ ಅಂಚಿಗೆ ಪಾಲಿಶ್ ಖರ್ಚು ಬರುತ್ತದೆ. ನೋಡುವುದಕ್ಕೂ ಆ ಇಳಿಮಟ್ಟ ಚೆನ್ನಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಅಳತೆ ತೆಗೆಯುವ ದಿನ ಅಡುಗೆ ಮಾಡುವವರನ್ನೇ ನಿಲ್ಲಿಸಿ, ಕೈಯಲ್ಲಿ ಕೋಲು ಹಿಡಿಸಿ ನೋಡುತ್ತೇನೆ.

ಕೂರುವ ವ್ಯವಸ್ಥೆಗೆ ಬಂದರೆ, ಎಲ್ ಆಕಾರದ ಸೋಫಾ ಹತ್ತು–ಹದಿನಾಲ್ಕರ ಹಾಲಿನ ನೆಲದಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ನುಂಗುತ್ತದೆ, ಹಬ್ಬಕ್ಕೆ ಬಂದ ನೆಂಟರಲ್ಲಿ ಐದು ಜನರಿಗಷ್ಟೇ ಜಾಗ ಕೊಡುತ್ತದೆ. ಹಳೆಯ ಮನೆಗಳ ಜಗಲಿಯನ್ನು ಒಳಗೆ ತರುವುದು ಇದಕ್ಕಿಂತ ಒಳ್ಳೆಯ ಉಪಾಯ. ಕಿಟಕಿಯುದ್ದಕ್ಕೂ 16 ಇಂಚು ಎತ್ತರ, 20 ಇಂಚು ಅಗಲದ ಕಟ್ಟೆ ಕಟ್ಟಿ, ಮೇಲೆ ನಮ್ಮ ಕಡೆ ಸುಲಭವಾಗಿ ಸಿಗುವ ಬೂದು ಕಲ್ಲನ್ನು ಉಜ್ಜಿಸಿ ಹಾಸಿದರೆ, ಬೇಸಿಗೆಯಲ್ಲಿ ತಣ್ಣಗಿರುತ್ತದೆ. ಚಳಿಗಾಲಕ್ಕೆ ತೆಳ್ಳನೆಯ ಹತ್ತಿಯ ದಿಂಬು. ಕೆಳಗೆ ಖಾನೆಗಳನ್ನಿಟ್ಟರೆ ದಸರಾ ಗೊಂಬೆಗಳ ಪೆಟ್ಟಿಗೆಗೆ ಜಾಗವಾಗುತ್ತದೆ. ಅದರ ಎದುರು ಹಗುರವಾದ ಎರಡು ಬೆತ್ತದ ಕುರ್ಚಿಗಳಿದ್ದರೆ ಸಾಕು, ನಡುವಿನ ನೆಲ ಖಾಲಿಯೇ ಇರಲಿ. ಚಾಪೆ ಹಾಸಿ ಊಟಕ್ಕೆ ಕೂರುವ ಮನೆಗೆ ಗಾಜಿನ ಟೀಪಾಯಿ ಅಡ್ಡಿಯೇ ಹೊರತು ಅಲಂಕಾರವಾಗದು.

ಗೋಡೆಯ ಮೇಲೇನು ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಊರೂರಲ್ಲೂ ಒಂದೇ ಥರದ ಬುದ್ಧನ ಮುಖ, ಒಂದೇ ಥರದ ಓಡುವ ಏಳು ಕುದುರೆಗಳು. ನಮ್ಮ ಸುತ್ತ ಸಾಮಗ್ರಿಗೆ ಬಡತನವಿಲ್ಲ. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳಿವೆ. ಸುಟ್ಟ ಮಣ್ಣಿನ ಜಾಲಿಯಿಂದ ದೇವರ ಮನೆಗೂ ಹಾಲಿಗೂ ನಡುವೆ ಗಾಳಿಯಾಡುವ ತೆರೆ ಕಟ್ಟಬಹುದು. ಅದೇ ತಾಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ದೇವರ ವಿಗ್ರಹಗಳಿಗೆ ಹೆಸರಾದವರು. ಅಂಥ ಕೈಗಳಿಂದ ಒಂದು ಸಾದಾ ಕಲ್ಲಿನ ಬಾನಿಯನ್ನು ಕಡೆಸಿ, ನೀರು ತುಂಬಿ ಹೂವು ತೇಲಿಬಿಟ್ಟರೆ ಬಾಗಿಲ ಬಳಿ ಬೇರೇನೂ ಬೇಕಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಂದ್ರಂಕಿ. ರೇಷ್ಮೆ ಹುಳು ಹಣ್ಣಾದಾಗ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು. ಸುಮಾರು ಆರಡಿಗೆ ನಾಲ್ಕಡಿ ಚಾಪೆಯ ಮೇಲೆ ಎರಡು ಇಂಚು ಅಗಲದ ಹೆಣೆದ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಬಿಗಿದಿರುತ್ತಾರೆ. ಪ್ಲಾಸ್ಟಿಕ್ಕಿನವು ಬಂದ ಮೇಲೆ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಹಳೆಯವು ಹುಳುಮನೆಯ ಅಟ್ಟ ಸೇರಿವೆ. ಶಿಡ್ಲಘಟ್ಟ ತಾಲೂಕಿನ ರೈತರೊಬ್ಬರ ಹೊಸ ಮನೆಗೆ ಅವರ ಅಟ್ಟದಿಂದಲೇ ಒಂದನ್ನು ಇಳಿಸಿಕೊಂಡೆವು. ಅಂಟಿದ್ದ ರೇಷ್ಮೆ ನಾರನ್ನು ಒಣ ಬ್ರಷ್ಷಿನಲ್ಲಿ ತೆಗೆದು, ಕುಟ್ಟೆ ಹಿಡಿಯದಂತೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಸವರಿ, ನೆರಳಿನಲ್ಲಿ ವಾರ ಒಣಗಿಸಿ, ಹೊಳಪಿಲ್ಲದ ವಾರ್ನಿಷ್ ಒಂದೇ ಕೋಟು ಕೊಟ್ಟೆವು. ಗೋಡೆಗೆ ನೇರವಾಗಿ ಅಂಟಿಸಲಿಲ್ಲ. ನಾಲ್ಕು ಮರದ ಗುಬಟಗಳ ಮೇಲೆ ಮೂರು ಇಂಚು ಮುಂದಕ್ಕೆ ನಿಲ್ಲಿಸಿ, ಹಿಂದೆ ಗೋಡೆಗೆ 3000 ಕೆಲ್ವಿನ್ನಿನ ಎಲ್‌ಇಡಿ ಪಟ್ಟಿಯನ್ನು ಬಿದಿರಿಗೆ ತಾಗದಂತೆ ಕೂರಿಸಿದೆವು. "ಹುಳುಮನೆ ಸಾಮಾನು ಹಾಲಿಗ್ಯಾಕಮ್ಮ" ಎಂದು ಆ ಮನೆಯ ಅಜ್ಜಿ ಮೊದಲ ದಿನ ಗೊಣಗಿದ್ದರು. ದೀಪ ಹಾಕಿದ ಸಂಜೆ ಆ ಸುರುಳಿಗಳ ನೆರಳು ಸೂರಿನವರೆಗೆ ಹರಡಿದಾಗ, ಕುರ್ಚಿಯಿಂದೆದ್ದು ಹತ್ತಿರ ಬಂದರು. ಪಟ್ಟಿಯೊಂದು ಸಡಿಲವಾಗಿದ್ದ ಕಡೆ ಬೆರಳಿಟ್ಟು, ಇಲ್ಲಿ ಕಟ್ಟು ಬಿಟ್ಟಿದೆ, ದಾರ ತಾ ಎಂದು ಮೊಮ್ಮಗಳನ್ನು ಕೂಗಿದರು.